ಸಂಕಲ್ಪ ಯಾರದು, ಕೆಲಸ ಯಾರದು

ಹೊಸ ವರ್ಷದ ಆರಂಭದಲ್ಲಿ ಮನೆಮಂದಿ ಕೈಗೊಳ್ಳುವ ಪರಿಸರಸ್ನೇಹಿ ಸಂಕಲ್ಪಗಳು, ಅಂದರೆ ನೀರು, ವಿದ್ಯುತ್ತು, ಇಂಧನ ಮತ್ತು ಕಸದ ವಿಷಯದಲ್ಲಿ ನಿಸರ್ಗದ ಮೇಲಿನ ಭಾರವನ್ನು ತಗ್ಗಿಸುವ ಗೃಹಮಟ್ಟದ ನಿರ್ಧಾರಗಳು, ಬಹುಪಾಲು ಸದಾಶಯದ ಪಟ್ಟಿಗಳಾಗಿ ಹುಟ್ಟಿ ಕೆಲವೇ ವಾರಗಳಲ್ಲಿ ನಿಂತುಹೋಗುತ್ತವೆ. ಅವು ಏಕೆ ಉಳಿಯುವುದಿಲ್ಲ, ಉಳಿಯಬೇಕಾದರೆ ಅವುಗಳನ್ನು ಹೇಗೆ ರೂಪಿಸಬೇಕು ಎಂಬುದು ಈ ಸಂವಾದದ ವಿಷಯ. ಮಾತನಾಡುವವರು ಇಬ್ಬರು: ಬೆಂಗಳೂರಿನಲ್ಲಿ ನಾಲ್ವರ ಸಂಸಾರವನ್ನು ನಡೆಸುವ ಒಬ್ಬ ಗೃಹಿಣಿ, ಮತ್ತು ಪರಿಸರ ವಿಜ್ಞಾನವನ್ನು ಬೋಧಿಸಿ ನಿವೃತ್ತರಾಗಿ ಅದೇ ಬಡಾವಣೆಯಲ್ಲಿ ನೆಲೆಸಿರುವ ಒಬ್ಬ ಅಧ್ಯಾಪಕ. ನೀರಿನ ವಿಷಯದಲ್ಲೂ ಕಸದ ವಿಷಯದಲ್ಲೂ ಬಿಕ್ಕಟ್ಟನ್ನು ಕಂಡು, ಎರಡಕ್ಕೂ ಕಾನೂನಿನ ಕಟ್ಟುಪಾಡು ಬಂದಿದ್ದರೂ ಮನೆಯೊಳಗಿನ ರೂಢಿ ಇನ್ನೂ ಬದಲಾಗದ ನಗರವಾದ್ದರಿಂದ ಉದಾಹರಣೆಗೆ ಬೆಂಗಳೂರನ್ನೇ ಆರಿಸಿಕೊಳ್ಳಲಾಗಿದೆ.

ಗೃಹಿಣಿ: ಮೇಷ್ಟ್ರೇ, ಜನವರಿ ಬಂತೆಂದರೆ ಪತ್ರಿಕೆಗಳಲ್ಲಿ ಪಟ್ಟಿಗಳು ಶುರುವಾಗುತ್ತವೆ. ಪ್ಲಾಸ್ಟಿಕ್ ಬಿಡಿ, ನೀರು ಉಳಿಸಿ, ಗಿಡ ನೆಡಿ, ದೀಪ ಆರಿಸಿ ಎಂಬ ಇಪ್ಪತ್ತು ಮೂವತ್ತು ಸೂಚನೆಗಳು ಒಟ್ಟಿಗೇ ಬರುತ್ತವೆ. ಒಂದೊಂದೂ ಸರಿಯೇ. ಆದರೆ ಯಾವುದು ಮೊದಲು, ಯಾವುದರಿಂದ ಎಷ್ಟು ಉಳಿಯುತ್ತದೆ ಎಂದು ಹೇಳುವವರಿಲ್ಲದ ಕಾರಣ ಮನೆಯವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ, ಕೊನೆಗೆ ಯಾವುದನ್ನೂ ಮಾಡದೆ ಬಿಡುತ್ತಾರೆ.

ಅಧ್ಯಾಪಕ: ಅದಕ್ಕೆ ಒಂದು ಕಾರಣ ಆ ಸಂಕಲ್ಪಗಳ ರೂಪದಲ್ಲೇ ಇದೆ. ಪೂಜೆಗೆ ಕೂತವರು ಮಾಡುವ ಸಂಕಲ್ಪವನ್ನು ಗಮನಿಸಿ: ಅಲ್ಲಿ ಮೊದಲು ಯಾವ ನಾಡು, ಯಾವ ನದಿಯ ಯಾವ ದಂಡೆ ಎಂಬುದನ್ನೂ, ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳಿ, ಮಾಡುವವರ ಗೋತ್ರ ಮತ್ತು ಹೆಸರನ್ನು ಸೇರಿಸಿ, ಕಡೆಯಲ್ಲಿ ಮಾತ್ರ ಮಾಡಹೊರಟ ಕೆಲಸವನ್ನು ಹೇಳಲಾಗುತ್ತದೆ. ದೇಶವನ್ನೂ ಕಾಲವನ್ನೂ ಗೊತ್ತುಮಾಡದೆ ಅಲ್ಲಿ ಯಾವ ಕೆಲಸವೂ ಆರಂಭವಾಗುವುದಿಲ್ಲ. ‘ಈ ವರ್ಷ ನೀರು ಉಳಿಸಬೇಕು’ ಎಂಬ ನಿರ್ಧಾರಕ್ಕಾದರೋ ದೇಶವೂ ಇಲ್ಲ, ಕಾಲವೂ ಇಲ್ಲ. ಯಾವ ನಲ್ಲಿಯ ನೀರು, ಎಲ್ಲಿಂದ ಬಂದ ನೀರು, ಯಾವ ತಿಂಗಳಿನಿಂದ ಎಂಬುದು ಅದರಲ್ಲಿ ಬರುವುದೇ ಇಲ್ಲ.

ಗೃಹಿಣಿ: ಹಾಗಾದರೆ ನೀರಿನಿಂದಲೇ ಆರಂಭಿಸೋಣ. ಬೆಂಗಳೂರಿನ ನಲ್ಲಿಯ ನೀರಿಗೆ ದೇಶ ಯಾವುದು?

ಅಧ್ಯಾಪಕ: ಅದು ನಗರದಿಂದ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ. ಈ ಊರು ನದಿಯ ದಡದಲ್ಲಿ ಹುಟ್ಟಿದ್ದಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ದಿಣ್ಣೆಯ ಮೇಲೆ, ಕೆರೆಗಳನ್ನು ನಂಬಿ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ, 1933ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂತು. ಅದೂ ಸಾಲದಾದಾಗ, 1964ರಲ್ಲಿ ಜಲಮಂಡಳಿ ಸ್ಥಾಪನೆಯಾದ ನಂತರದ ದಶಕಗಳಲ್ಲಿ, ಕಾವೇರಿಯನ್ನು ಹಂತಹಂತವಾಗಿ ತರಲಾಯಿತು. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಐದನೆಯ ಹಂತ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ಸೇರಿಸುವ ಯೋಜನೆ. ತೊರೆಕಾಡನಹಳ್ಳಿಯಿಂದ ನಗರದವರೆಗೆ ಈ ನೀರನ್ನು ಮೂರು ಹಂತಗಳಲ್ಲಿ ಪಂಪು ಮಾಡಲಾಗುತ್ತದೆ. ಭೂಮಿಯ ಏರನ್ನೂ ಕೊಳವೆಯೊಳಗಿನ ಘರ್ಷಣೆಯನ್ನೂ ಕೂಡಿಸಿದ ಒಟ್ಟು ಲೆಕ್ಕಕ್ಕೆ ತಂತ್ರಜ್ಞರು ‘ಹೆಡ್’ ಎನ್ನುತ್ತಾರೆ. ಇಲ್ಲಿ ಅದು ಸುಮಾರು 500 ಮೀಟರು. ಸಾವಿರ ಲೀಟರು ನೀರನ್ನು ಅಷ್ಟು ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಕನಿಷ್ಠ 1.36 ಯೂನಿಟ್ ವಿದ್ಯುತ್ತು ಬೇಕು, ಪಂಪು ಮತ್ತು ಮೋಟಾರಿನಲ್ಲಾಗುವ ನಷ್ಟವನ್ನು ಸೇರಿಸಿದರೆ ಎರಡು ಯೂನಿಟ್‌ನ ಹತ್ತಿರ ಬರುತ್ತದೆ.

ಗೃಹಿಣಿ: ಅಂದರೆ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸದ ವಿದ್ಯುತ್ತು ನಲ್ಲಿಯಲ್ಲಿ ಹರಿದುಬರುತ್ತಿದೆ.

ಅಧ್ಯಾಪಕ: ಹೌದು. ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರು ಎಂದು ಹಿಡಿಯುವುದು ರೂಢಿ. ಅದರಂತೆ ನಾಲ್ವರ ಮನೆಗೆ ದಿನಕ್ಕೆ 540 ಲೀಟರು, ತಿಂಗಳಿಗೆ 16,000 ಲೀಟರಿನಷ್ಟು ಆಗುತ್ತದೆ, ಅದರ ಹಿಂದೆ ಮೂವತ್ತು ಯೂನಿಟ್‌ನ ಆಸುಪಾಸು ವಿದ್ಯುತ್ತು ಇರುತ್ತದೆ. ಆದ್ದರಿಂದ ಬೆಂಗಳೂರಿನ ಮನೆಯಲ್ಲಿ ನೀರಿನ ಸಂಕಲ್ಪವೂ ವಿದ್ಯುತ್ತಿನ ಸಂಕಲ್ಪವೂ ಬೇರೆ ಬೇರೆ ಅಲ್ಲ. ಸ್ವಂತ ಬಾವಿಯಿಂದ ರಾಟೆಯಲ್ಲಿ ಸೇದುವ ಮಲೆನಾಡಿನ ಮನೆಗೆ ಈ ಮಾತು ಅನ್ವಯಿಸುವುದಿಲ್ಲ. ದೇಶವನ್ನು ಹೇಳದ ಸಂಕಲ್ಪ ಅರ್ಧ ಸಂಕಲ್ಪ ಎನ್ನುವುದು ಇದೇ ಕಾರಣಕ್ಕೆ. ಹಾಗೆ ನೋಡಿದರೆ ಮನೆಯಲ್ಲಿ ಮೊದಲು ಆಗಬೇಕಾದದ್ದು ನಾಲ್ಕೈದು ಕೆಲಸಗಳು. ಹಳೆಯ ಫ್ಲಶ್ ಟ್ಯಾಂಕು ಒಂದು ಸಲಕ್ಕೆ ಹತ್ತು ಲೀಟರು ಸುರಿಯುತ್ತಿದ್ದರೆ, ಅದರ ಬದಲಿಗೆ ಮೂರು ಮತ್ತು ಆರು ಲೀಟರಿನ ಎರಡು ಗುಂಡಿಗಳಿರುವುದನ್ನು ಹಾಕಿಸಬೇಕು. ಪಾತ್ರೆ ತೊಳೆಯುವ ನಲ್ಲಿಗೂ ಕೈತೊಳೆಯುವ ನಲ್ಲಿಗೂ ಏರೇಟರ್, ಅಂದರೆ ನೀರಿನ ಜೊತೆ ಗಾಳಿಯನ್ನು ಬೆರೆಸಿ ಧಾರೆಯನ್ನು ತೆಳುಮಾಡುವ ಪುಟ್ಟ ಜಾಲರಿ, ಅಳವಡಿಸಬೇಕು; 2024ರ ಬೇಸಿಗೆಯ ಬರದಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತ್ತು, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವನ್ನೂ ವಿಧಿಸಿತ್ತು. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸಬೇಕು. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯಬೇಕು. ತರಕಾರಿ ತೊಳೆದ ನೀರು ಗಿಡಗಳಿಗೆ ಹೋಗಬೇಕು.

ಗೃಹಿಣಿ: ಸ್ವಲ್ಪ ನಿಲ್ಲಿ, ಮೇಷ್ಟ್ರೇ. ಈ ಐದರಲ್ಲಿ ಮೊದಲ ಎರಡಕ್ಕೆ ಪ್ಲಂಬರ್ ಒಂದು ದಿನ ಬಂದು ಹೋದರೆ ಸಾಕು. ಉಳಿದ ಮೂರು? ಬಕೆಟ್ಟು ತುಂಬಿತೇ ಎಂದು ನೋಡುವುದು, ಅದನ್ನು ಎತ್ತಿ ಒಯ್ಯುವುದು, ಜಾಲಿಸಿದ ನೀರನ್ನು ಬಚ್ಚಲಿನಿಂದ ಹಜಾರಕ್ಕೆ ಹೊರುವುದು, ಇವೆಲ್ಲ ದಿನಕ್ಕೆ ಎರಡು ಮೂರು ಸಲ, ವರ್ಷವಿಡೀ ಯಾರಾದರೂ ಮಾಡಬೇಕಾದ ಕೆಲಸಗಳು. ಸಂಕಲ್ಪದಲ್ಲಿ ಮಾಡುವವರ ಹೆಸರನ್ನೂ ಹೇಳುತ್ತಾರೆ ಎಂದು ನೀವೇ ಹೇಳಿದಿರಿ. ಆದರೆ ಪೂಜೆಯ ಮನೆಗಳಲ್ಲಿ ಹಜಾರದಲ್ಲಿ ಕೂತು ಸಂಕಲ್ಪ ಮಾಡುವವರು ಯಜಮಾನರು, ಆ ಸಂಕಲ್ಪ ನೆರವೇರಬೇಕೆಂದು ಬೆಳಗಿನ ಜಾವದಿಂದ ಮಡಿಯಲ್ಲಿ ಅಡುಗೆಮನೆ ನಡೆಸುವವರು ಹೆಂಗಸರು. ಅವರ ಹೆಸರು ಎಲ್ಲೂ ಬರುವುದಿಲ್ಲ. ಪರಿಸರದ ಸಂಕಲ್ಪಗಳೂ ಹಾಗೆಯೇ ನಡೆಯುತ್ತಿವೆ.

ಅಧ್ಯಾಪಕ: ಅದಕ್ಕೆ ಲೆಕ್ಕದ ಆಧಾರವೂ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅದೇ ಕೆಲಸದಲ್ಲಿ ತೊಡಗುವ ಗಂಡಸರು 97 ನಿಮಿಷ.

ಗೃಹಿಣಿ: ಹೊಸ ಸಂಕಲ್ಪಗಳ ನಿಮಿಷಗಳು ಆ 299ಕ್ಕೆ ಸೇರುತ್ತವೆಯೋ 97ಕ್ಕೆ ಸೇರುತ್ತವೆಯೋ ಎಂಬುದನ್ನು ಮೊದಲು ಕೇಳಬೇಕು. ಇನ್ನೊಂದು ಮಾತೂ ಇದೆ. ಎಷ್ಟೋ ಮನೆಗಳಲ್ಲಿ ಆ ನಿಮಿಷಗಳು ಗೃಹಿಣಿಯ ಪಾಲಿಗೂ ಬರದೆ, ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಹೆಣ್ಣುಮಗಳ ಪಾಲಿಗೆ ಹೋಗುತ್ತವೆ. ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ತೊಳೆಯಿರಿ ಎಂದರೆ ಅವರಿಗೆ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ, ಮುಂದಿನ ಮನೆಗೆ ತಡವಾಗುತ್ತದೆ, ಸಂಬಳ ಮಾತ್ರ ಅಷ್ಟೇ ಇರುತ್ತದೆ. ಅವರ ಸ್ವಂತ ಮನೆಯಲ್ಲಿ ನೀರು ಕೊಡಗಳಲ್ಲಿ ಬರುತ್ತದೆ. ತಲೆಗೆ 135 ಲೀಟರು ಎಂಬ ಲೆಕ್ಕ ಅವರ ಬೀದಿಗೆ ಇನ್ನೂ ತಲುಪಿಲ್ಲ. ಎಲ್ಲರಿಗಿಂತ ಕಡಿಮೆ ಬಳಸುವವರ ತಲೆಯ ಮೇಲೆ ಹೆಚ್ಚು ಬಳಸುವವರ ಸಂಕಲ್ಪವನ್ನು ಹೊರಿಸುವುದು ನ್ಯಾಯವಲ್ಲ.

ಅಧ್ಯಾಪಕ: ಈ ಮಾತನ್ನು ಒಪ್ಪದೆ ಮುಂದೆ ಹೋಗಲಾಗದು. ಹಾಗಾದರೆ ವಿಂಗಡಣೆ ಹೀಗಿರಲಿ: ಒಮ್ಮೆ ಮಾಡಿ ಮುಗಿಸಿದರೆ ತನ್ನಷ್ಟಕ್ಕೇ ನಡೆಯುವ ಏರ್ಪಾಡುಗಳು ಒಂದು ಕಡೆ, ದಿನವೂ ಕೈ ಬೇಡುವ ರೂಢಿಗಳು ಇನ್ನೊಂದು ಕಡೆ. ಏರ್ಪಾಡುಗಳನ್ನು ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು, ಅವಕ್ಕೆ ಬೇಕಾದದ್ದು ಒಂದು ದಿನದ ಶ್ರಮ ಮತ್ತು ಸ್ವಲ್ಪ ಹಣ. ರೂಢಿಗಳನ್ನಾದರೋ ಒಂದೋ ಎರಡೋ ಮಾತ್ರ ಆರಿಸಿಕೊಂಡು, ಪ್ರತಿಯೊಂದಕ್ಕೂ ಮನೆಯೊಳಗಿನ ಒಬ್ಬರ ಹೆಸರನ್ನು ಬರೆದಿಡಬೇಕು. ಶುದ್ಧೀಕರಣ ಯಂತ್ರದ ಬಕೆಟ್ಟನ್ನೇ ತೆಗೆದುಕೊಳ್ಳಿ. ಆರ್‌ಒ ಎಂಬ ವಿಧಾನದಲ್ಲಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ಹಾಯಿಸಿ ಕರಗಿದ ಲವಣಗಳನ್ನು ಬೇರ್ಪಡಿಸುತ್ತಾರೆ; ಒಂದು ಲೀಟರು ಶುದ್ಧ ನೀರಿಗೆ ಎರಡು ಮೂರು ಲೀಟರು ಹೊರಹೋಗುತ್ತದೆ. ಕರಗಿದ ಘನವಸ್ತುಗಳು ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ಕಡೆ ಈ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತು. ಕಾವೇರಿಯ ನೀರು ಆ ಮಿತಿಗಿಂತ ಸಾಕಷ್ಟು ಕೆಳಗಿರುತ್ತದೆ. ಕಾವೇರಿ ನೀರು ಬರುವ ಮನೆ ಆ ಯಂತ್ರವನ್ನು ಬಿಟ್ಟು ಸಾದಾ ಫಿಲ್ಟರಿಗೂ ಕುದಿಸುವ ಪದ್ಧತಿಗೂ ಮರಳಿದರೆ ಬಕೆಟ್ಟೂ ಬೇಡ, ಹೊರುವ ಕೈಯೂ ಬೇಡ. ಗಡಸು ಕೊಳವೆಬಾವಿಯ ನೀರಿನ ಮನೆಯ ಮಾತು ಬೇರೆ.

ಗೃಹಿಣಿ: ಇದು ಒಪ್ಪುವ ಮಾತು. ಏರ್ಪಾಡುಗಳ ಸಾಲಿನಲ್ಲಿ ಮಳೆನೀರು ಕೊಯ್ಲನ್ನೂ ಸೇರಿಸಬಹುದಲ್ಲವೇ?

ಅಧ್ಯಾಪಕ: ಏರ್ಪಾಡುಗಳಲ್ಲೆಲ್ಲ ಮೇಲಿನದು ಅದೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಒಂದು ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವ ನೀರು ಸುಮಾರು 90,000 ಲೀಟರು. ಆವಿಯಾಗಿ, ಚೆಲ್ಲಿ ಹೋಗುವ ಐದನೆಯ ಒಂದು ಪಾಲನ್ನು ಕಳೆದರೂ 72,000 ಲೀಟರು ಉಳಿಯುತ್ತದೆ. ಆಗ ಹೇಳಿದ ನಾಲ್ವರ ಮನೆಗೆ ಅದು ನಾಲ್ಕು ತಿಂಗಳಿಗೂ ಹೆಚ್ಚಿನ ನೀರು. ಅದನ್ನೆಲ್ಲ ಒಂದೇ ಸಂಪಿನಲ್ಲಿ ಹಿಡಿದಿಡಲಾಗದು ಎಂಬುದು ನಿಜ, ಆದರೆ ಸಂಪು ತುಂಬಿದ ಮೇಲೆ ಉಳಿದದ್ದು ಇಂಗುಗುಂಡಿಯ ಮೂಲಕ ನೆಲಕ್ಕೆ ಇಳಿದರೆ ಬೀದಿಯ ಕೊಳವೆಬಾವಿಗಳಿಗೆ ಬಲ ಬರುತ್ತದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ, 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಇದನ್ನು ಕಡ್ಡಾಯ ಮಾಡಲಾಗಿದೆ. ಇದು ಬರೀ ಕಾಗದದ ಮೇಲಿನ ಆಸೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ. ಆರ್. ಶಿವಕುಮಾರ್ ಅವರು ವಿಜಯನಗರದಲ್ಲಿ ಕಟ್ಟಿದ ‘ಸೌರಭ’ ಎಂಬ ಮನೆ 1990ರ ದಶಕದ ಮಧ್ಯಭಾಗದಿಂದ ಮಳೆನೀರನ್ನೇ ನೆಚ್ಚಿ ನಡೆದುಬಂದಿದೆ.

ಗೃಹಿಣಿ: ಕಾನೂನಿಗೆ ಅಂಜಿ ಕೊಳವೆ ಹಾಕಿಸಿದ ಮನೆಗಳು ಬೇಕಾದಷ್ಟಿವೆ. ಆದರೆ ತಾರಸಿಯ ಮೇಲೆ ಪಾರಿವಾಳದ ಹಿಕ್ಕೆ, ಕೊಳವೆಯ ಬಾಯಿಯಲ್ಲಿ ಎಲೆ, ಫಿಲ್ಟರಿನ ಮರಳಿನಲ್ಲಿ ಕೆಸರು ತುಂಬಿ, ನೀರು ರಸ್ತೆಗೆ ಹರಿದುಹೋಗುತ್ತದೆ.

ಅಧ್ಯಾಪಕ: ಅಲ್ಲಿಯೇ ಕಾಲದ ಪ್ರಶ್ನೆ ಬರುತ್ತದೆ. ಬೆಂಗಳೂರಿಗೆ ಮುಂಗಾರುಪೂರ್ವದ ಮಳೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೀಳುತ್ತದೆ, ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ. ಚೈತ್ರ ಶುದ್ಧ ಪಾಡ್ಯದ ಯುಗಾದಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬರುವುದರಿಂದ, ಹಬ್ಬಕ್ಕೆಂದು ಮನೆಯನ್ನು ಹೇಗಿದ್ದರೂ ತೊಳೆದು ಬಳಿಯುವ ವಾರದಲ್ಲಿಯೇ ತಾರಸಿ ಗುಡಿಸಿ, ಕೊಳವೆಯ ಬಾಯಿಗಳನ್ನು ಬಿಡಿಸಿ, ಫಿಲ್ಟರಿನ ಜಲ್ಲಿ ಮರಳನ್ನು ತೊಳೆದು ಮತ್ತೆ ತುಂಬಿ, ಮೊದಲ ಮಳೆಯ ಕೊಳೆನೀರು ಹೊರಹೋಗುವ ಕವಾಟ ತೆರೆಯುತ್ತದೆಯೇ ಎಂದು ನೋಡಿಟ್ಟರೆ, ಮೊದಲ ಹದ ಮಳೆಗೆ ಮನೆ ಸಿದ್ಧವಾಗಿರುತ್ತದೆ. ಅದೇ ಕೆಲಸವನ್ನು ಜನವರಿ ಒಂದಕ್ಕೆ ಮಾಡಿದರೆ ನಡುವಿನ ಒಣ ತಿಂಗಳುಗಳಲ್ಲಿ ಎಲೆ ಮತ್ತೆ ತುಂಬುತ್ತದೆ. ಕರಾವಳಿಯಲ್ಲಿ ಸೌರಮಾನದ ವರ್ಷ ಬಿಸುವಿನೊಂದಿಗೆ ಏಪ್ರಿಲ್ ಮಧ್ಯದಲ್ಲಿ ಮೊದಲಾಗುತ್ತದೆ. ಮುಂಗಾರಿಗೆ ಇನ್ನೂ ಒಂದೂವರೆ ತಿಂಗಳಿರುವ ಆ ಹೊತ್ತಿಗೆ ತೆರೆದ ಬಾವಿಗಳ ನೀರು ತಳಕ್ಕಿಳಿದಿರುವುದರಿಂದ ಅಲ್ಲಿಯ ಮನೆಗೆ ಬಾವಿಯ ಹೂಳೆತ್ತಲೂ, ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡುವ ಏರ್ಪಾಡಿಗೂ ಅದೇ ಸರಿಯಾದ ಕಾಲ.

ಗೃಹಿಣಿ: ಜನವರಿ ಒಂದಕ್ಕೆ ಹಾಗಾದರೆ ಯಾವ ಕೆಲಸವೂ ಇಲ್ಲವೇ?

ಅಧ್ಯಾಪಕ: ಇದೆ, ಅದು ಎಲೆಯದು. ಜನವರಿಯಿಂದ ಮಾರ್ಚ್‌ವರೆಗೆ ಈ ನಗರದ ಮರಗಳು ಎಲೆ ಉದುರಿಸುತ್ತವೆ. ಬೀದಿಬದಿಯಲ್ಲಿ ಗುಡ್ಡೆಹಾಕಿ ಬೆಂಕಿಯಿಡುವ ಆ ತರಗೆಲೆಯೇ ಮನೆಯ ಗೊಬ್ಬರಕ್ಕೆ ವರ್ಷವಿಡೀ ಬೇಕಾಗುವ ಮುಖ್ಯ ಸಾಮಗ್ರಿ. ಎರಡು ಗೋಣಿಚೀಲ ತುಂಬಿಸಿಟ್ಟುಕೊಂಡರೆ ಮಳೆಗಾಲದಲ್ಲಿ ತೆಂಗಿನ ನಾರಿನ ಪುಡಿಯನ್ನು ಅಂಗಡಿಯಿಂದ ಕೊಳ್ಳಬೇಕಾಗುವುದಿಲ್ಲ.

ಗೃಹಿಣಿ: ಗೊಬ್ಬರದ ಮಾತು ಬಂತು. ಇದು ಏರ್ಪಾಡಲ್ಲ, ದಿನದ ರೂಢಿ. ಇದಕ್ಕೆ ಒಬ್ಬರ ಹೆಸರು ಬರೆಯುವಷ್ಟು ತೂಕವಿದೆಯೇ? ಕಸವನ್ನು ಬೇರ್ಪಡಿಸಿ ಗಾಡಿಗೆ ಕೊಟ್ಟರೆ ಸಾಲದೇ?

ಅಧ್ಯಾಪಕ: ಬೇರ್ಪಡಿಸಿ ಕೊಡುವುದು ಕನಿಷ್ಠ ಕರ್ತವ್ಯ, ಅದನ್ನು ಸಂಕಲ್ಪಗಳ ಪಟ್ಟಿಗೆ ಸೇರಿಸುವುದೇ ತಪ್ಪು. ಅದರ ಹಿಂದೆ ಊರೂರುಗಳ ನೋವಿದೆ. ಬೆಂಗಳೂರಿನ ಬೆರೆತ ಕಸ ಮಾವಳ್ಳಿಪುರದ ಕಸ ಸುರಿಯುವ ತಾಣಕ್ಕೆ ಹೋಗುತ್ತಿತ್ತು. 2012ರಲ್ಲಿ ಅದು ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸದ ಗುಡ್ಡೆಗಳೆದ್ದವು. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು, ಕೊಳೆತ ರಸ ಅಂತರ್ಜಲಕ್ಕೆ ಇಳಿಯಿತು, 2014ರಲ್ಲಿ ಅಲ್ಲಿಯ ಗ್ರಾಮಸ್ಥರು ಲಾರಿಗಳನ್ನು ತಡೆದು ನಿಂತರು. ಕಸದ ಕಾನೂನಿಗೂ ಈ ಊರಿಗೂ ಹಳೆಯ ನಂಟಿದೆ: ಬೆಂಗಳೂರಿನ ಹೊರವಲಯದ ನಿವಾಸಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಿಂದಾಗಿ 2000ದಲ್ಲಿ ದೇಶಕ್ಕೆ ಮೊದಲ ಘನತ್ಯಾಜ್ಯ ನಿಯಮಗಳು ಬಂದವು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ‘ಎರಡು ಡಬ್ಬಿ, ಒಂದು ಚೀಲ’ದ ಪದ್ಧತಿಯನ್ನು ನಗರಕ್ಕೆ ಕಡ್ಡಾಯ ಮಾಡಿತು, ಹಸಿರು ಡಬ್ಬಿ ಹಸಿಕಸಕ್ಕೆ, ಕೆಂಪು ಡಬ್ಬಿ ಸ್ಯಾನಿಟರಿ ಪ್ಯಾಡು, ಡೈಪರ್, ಬ್ಯಾಂಡೇಜುಗಳಂಥವಕ್ಕೆ, ಚೀಲ ಒಣಕಸಕ್ಕೆ. ಮನೆಯಲ್ಲಿ ಬೇರ್ಪಡಿಸದಿದ್ದರೆ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು ಮತ್ತು ಚಿಂದಿ ಆಯುವವರು. ಆಗ ನೀವು ಹೇಳಿದ ನ್ಯಾಯದ ಮಾತು ಹೊಸ್ತಿಲಿನ ಹೊರಗೂ ಅಷ್ಟೇ ಸಲ್ಲುತ್ತದೆ.

ಗೃಹಿಣಿ: ಸಲ್ಲುತ್ತದೆ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವುದಕ್ಕೆ ಹಿಡಿಯುವುದು ಕ್ಷಣಮಾತ್ರ. ಹಾಗೆ ಮಾಡದಿದ್ದರೆ ಇನ್ನೊಬ್ಬ ಹೆಣ್ಣುಮಗಳು ಅದನ್ನು ಬಿಡಿಸಿ ನೋಡಬೇಕಾಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮಾತನ್ನೂ ಸೇರಿಸಿ. ಮೂಲೆಯನ್ನು ಕತ್ತರಿಸಿ ತುಂಡನ್ನು ಬೇರೆ ಮಾಡಿದರೆ ಆ ತುಂಡು ಯಾರ ಕೈಗೂ ಸಿಕ್ಕದೆ ಮಣ್ಣು ಸೇರುತ್ತದೆ. ತುದಿ ಅಂಟಿಕೊಂಡೇ ಇರುವಂತೆ ಕತ್ತರಿಸಿ, ಪ್ಯಾಕೆಟ್ಟನ್ನು ಜಾಲಿಸಿ ಒಣಗಿಸಿ ಕೊಟ್ಟರೆ ಒಣಕಸದ ಕೇಂದ್ರದಲ್ಲಿ ಅದಕ್ಕೆ ಬೆಲೆಯಿದೆ. ಒಳಗೆ ಬೆಳ್ಳಿಬಣ್ಣವಿರುವ, ಹಲವು ಪದರಗಳ ಚಿಪ್ಸಿನ ಪೊಟ್ಟಣಕ್ಕೆ ಹಾಗೆ ಬೆಲೆಯಿಲ್ಲ, ಅದನ್ನು ಕೊಳ್ಳದಿರುವುದೊಂದೇ ದಾರಿ.

ಅಧ್ಯಾಪಕ: ಇನ್ನು ಗೊಬ್ಬರದ ತೂಕದ ಬಗ್ಗೆ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಸಿಕಸ. ಅದು ಗಾಳಿಯಾಡದ ಗುಡ್ಡೆಯೊಳಗೆ ಹೂತು ಕೊಳೆತಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅಳೆದರೆ ಅದು ಭೂಮಿಯನ್ನು ಕಾಯಿಸುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು. ಅದೇ ಸಿಪ್ಪೆ ಗಾಳಿಯಾಡುವ ಮಡಕೆಯಲ್ಲಿ ಕಳಿತರೆ ಮೀಥೇನ್ ಹುಟ್ಟುವುದು ಅತ್ಯಲ್ಪ. ಬೆಂಗಳೂರಿನಲ್ಲಿ 2006ರಿಂದ ಪೂನಂ ಬೀರ್ ಕಸ್ತೂರಿ ಅವರ ‘ಡೈಲಿ ಡಂಪ್’ ಸಂಸ್ಥೆ ಒಂದರ ಮೇಲೊಂದು ಕೂರುವ, ತೂತುಗಳಿರುವ ಮಣ್ಣಿನ ಮಡಕೆಗಳನ್ನು ಮನೆಮನೆಗೆ ಪರಿಚಯಿಸಿತು, ಈಗ ಕುಂಬಾರರ ಬಳಿಯೂ ಅಂಥವು ಸಿಗುತ್ತವೆ. ವಿಧಾನ ಸರಳ: ಹಸಿಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅಡುಗೆಮನೆಯ ಭಾಷೆಯಲ್ಲಿ ಹೇಳಿದರೆ ಒಂದು ಬಟ್ಟಲು ಸಿಪ್ಪೆಗೆ ಒಂದೆರಡು ಬಟ್ಟಲು ಪುಡಿಮಾಡಿದ ಒಣ ಎಲೆ, ಹುದುಗಲು ಸ್ವಲ್ಪ ಹುಳಿಮಜ್ಜಿಗೆ, ವಾರಕ್ಕೊಮ್ಮೆ ಕೆದಕುವುದು. ವಾಸನೆ ಬಂದರೆ ನೀರಿನಂಶ ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ಎಲೆ ಹಾಕಬೇಕು. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಗೃಹಿಣಿ: ವಿವರಿಸುವಾಗ ಸರಳ, ನಿಜ. ಆದರೆ ಸಿಪ್ಪೆಯ ಡಬ್ಬಿಯನ್ನು ಮೇಲಿನ ತಾರಸಿಗೆ ದಿನವೂ ಹೊತ್ತೊಯ್ಯುವ ಕೆಲಸ ಅಡುಗೆ ಮಾಡಿ ಮುಗಿಸಿದವರದೇ ಆಗಬೇಕೆಂದಿಲ್ಲ. ಅಡುಗೆ ಒಬ್ಬರದಾದರೆ ಸಿಪ್ಪೆಯ ಡಬ್ಬಿ ಇನ್ನೊಬ್ಬರದಾಗಲಿ. ಗಂಡನದೋ, ಬೆಳೆದ ಮಗನದೋ. ಗೊಬ್ಬರದ ಮಡಕೆ ನಿಂತುಹೋದ ಮನೆಗಳಲ್ಲಿ ಆಸಕ್ತಿ ಬತ್ತಿತೆಂದು ಹೇಳುವುದು ಸುಲಭ, ವಾಸ್ತವದಲ್ಲಿ ಅಲ್ಲಿ ಬತ್ತಿದ್ದು ಒಬ್ಬರ ಕೈಬಲ. ಜೈವಿಕ ಕಿಣ್ವ ಎಂದು ಈಚೆಗೆ ಎಲ್ಲರೂ ಹೇಳುವ ನೆಲ ಒರೆಸುವ ದ್ರವಕ್ಕೂ ಇದೇ ಮಾತು ಸಲ್ಲುತ್ತದೆ.

ಅಧ್ಯಾಪಕ: ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಮೂಸಂಬಿಗಳ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಹುದುಗಬೇಕು, ಮೊದಲ ತಿಂಗಳಿಡೀ ಬಾಟಲಿಯ ಮುಚ್ಚಳ ತೆರೆದು ಅನಿಲವನ್ನು ಬಿಡಬೇಕು. ಮಾಡಲು ಇಷ್ಟವಿರುವವರು ಸಂತೋಷವಾಗಿ ಮಾಡಲಿ. ಆದರೆ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೇಲೆ 2015ರಿಂದ ಎದ್ದ ನೊರೆಯ ಕಾರಣಗಳಲ್ಲಿ ಮನೆಗಳ ಡಿಟರ್ಜೆಂಟು ಒಂದು. ಬಟ್ಟೆಯ ಕೊಳೆ ಬಿಡಿಸುವ ಆ ರಾಸಾಯನಿಕ ಕೆರೆಯ ಹೂಳಿನಲ್ಲಿ ಸಂಗ್ರಹವಾಗಿ, ಮಳೆಯ ರಭಸ ಅದನ್ನು ಕಲಕಿದಾಗ ಕೋಡಿಯಲ್ಲಿ ನೊರೆಯಾಗಿ ಏಳುತ್ತದೆ. ಬಟ್ಟೆಗೆ ಹಾಕುವ ಪುಡಿಯನ್ನು ಅರ್ಧಕ್ಕೆ ಇಳಿಸುವುದು ಕಿಣ್ವದ ಬಾಟಲಿ ಸಾಕುವುದಕ್ಕಿಂತ ದೊಡ್ಡ ಕೊಡುಗೆ, ಅದಕ್ಕೆ ಯಾರೂ ಹೆಚ್ಚು ದುಡಿಯಬೇಕಾಗಿಯೂ ಇಲ್ಲ. ಅಂಟುವಾಳಕಾಯಿ ಸಿಗುವ ಕಡೆ ರೇಷ್ಮೆ, ಉಣ್ಣೆಗೆ ಅದೇ ಸಾಕು.

ಗೃಹಿಣಿ: ಪರಿಸರಸ್ನೇಹಿ ಎಂದು ಬರೆದ ವಸ್ತುಗಳನ್ನು ಕೊಳ್ಳುವ ಸಂಕಲ್ಪಗಳಿಗೇನು ಹೇಳುತ್ತೀರಿ? ಹೊಸ ವರ್ಷಕ್ಕೆ ಬಿದಿರಿನ ಬ್ರಷ್ಷು, ಬಟ್ಟೆಯ ಚೀಲ, ಗಾಜಿನ ಡಬ್ಬಿಗಳು ಮನೆಗೆ ಬರುತ್ತವೆ.

ಅಧ್ಯಾಪಕ: ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹೊಸ ಹತ್ತಿಯ ಚೀಲವೊಂದು ಹವಾಮಾನದ ಮೇಲಿನ ಪರಿಣಾಮದಲ್ಲಿ ಒಮ್ಮೆ ಮಾತ್ರ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಪ್ಲಾಸ್ಟಿಕ್ಕು ಚರಂಡಿ ಕಟ್ಟಿಸುವುದು, ಹಸುವಿನ ಹೊಟ್ಟೆ ಸೇರುವುದು ಆ ಲೆಕ್ಕದಲ್ಲಿ ಬರುವುದಿಲ್ಲವಾದ್ದರಿಂದ ಇದು ಪ್ಲಾಸ್ಟಿಕ್ಕಿನ ಪರವಾದ ವಾದವಲ್ಲ. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ್ದು ಸರಿಯಾದ ಕ್ರಮ. ಆದರೆ ಇದ್ದ ಚೀಲವನ್ನು ಬಿಟ್ಟು ಹೊಸ ಚೀಲ ಕೊಳ್ಳುವುದರಿಂದ ಲಾಭವಿಲ್ಲ.

ಗೃಹಿಣಿ: ಚೀಲ ಕೊಳ್ಳುವ ಅಗತ್ಯ ಈ ನಾಡಿನ ಯಾವ ಮನೆಗೂ ಇಲ್ಲ. ಮದುವೆ, ಗೃಹಪ್ರವೇಶ, ಸೀಮಂತಗಳಿಂದ ಬಂದ ತಾಂಬೂಲದ ಚೀಲಗಳು ಪ್ರತಿ ಮನೆಯ ಬೀರುವಿನಲ್ಲೂ ರಾಶಿಬಿದ್ದಿವೆ. ತರಕಾರಿಗೊಂದು, ಸೊಪ್ಪಿಗೊಂದು, ದಿನಸಿಗೊಂದು ಎಂದು ಗೊತ್ತುಮಾಡಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರೆ ಆಯಿತು. ವಿದ್ಯುತ್ತಿನ ವಿಷಯದಲ್ಲಿ ಹೀಗೆ ಮೊದಲು ಹಿಡಿಯಬೇಕಾದದ್ದು ಯಾವುದು?

ಅಧ್ಯಾಪಕ: ಬಿಸಿನೀರು. ಎಲ್ಲರೂ ದೀಪ ಆರಿಸಲು ಹೇಳುತ್ತಾರೆ, ಆದರೆ ಎಲ್‌ಇಡಿ ಬಂದ ಮೇಲೆ ದೀಪದ ಪಾಲು ತೀರ ಸಣ್ಣದಾಗಿದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ಟು ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 0.42 ಯೂನಿಟ್ ವಿದ್ಯುತ್ತು ಬೇಕು. 9 ವ್ಯಾಟಿನ ಬಲ್ಬು ಅಷ್ಟರಲ್ಲಿ 46 ಗಂಟೆ ಉರಿಯುತ್ತದೆ. ನಾಲ್ವರ ಸ್ನಾನಕ್ಕೆ ವರ್ಷಕ್ಕೆ 600 ಯೂನಿಟ್‌ನಷ್ಟು ಆಗುತ್ತದೆ. ಸೌರ ಹಂಡೆಗೆ, ಅಂದರೆ ತಾರಸಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸಾಧನಕ್ಕೆ, ಬೆಂಗಳೂರಿನ ಹವೆ ಹೇಳಿಮಾಡಿಸಿದ್ದು. ಅದಾದ ಮೇಲೆ ಫ್ಯಾನು: ಹಳೆಯ ಫ್ಯಾನು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಎಂಬ ಮಿತಬಳಕೆಯ ಮೋಟಾರಿನ ಹೊಸದು 30 ವ್ಯಾಟಿನ ಆಸುಪಾಸಿನಲ್ಲಿ ತಿರುಗುತ್ತದೆ, ದಿನಕ್ಕೆ 12 ಗಂಟೆ ಓಡಿದರೆ ಒಂದೊಂದು ಫ್ಯಾನಿಗೆ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿಯುತ್ತದೆ. ಎರಡೂ ಏರ್ಪಾಡುಗಳೇ, ಯಾರ ನಿಮಿಷವನ್ನೂ ಬೇಡುವುದಿಲ್ಲ.

ಗೃಹಿಣಿ: 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದು 200 ಯೂನಿಟ್‌ವರೆಗೆ ಬಿಲ್ಲೇ ಬಾರದಿರುವಾಗ ಉಳಿಸುವವರು ಯಾರು ಎಂದು ಕೇಳುವವರಿದ್ದಾರೆ.

ಅಧ್ಯಾಪಕ: ಬಿಲ್ಲು ಬಾರದಿದ್ದರೂ ಕಲ್ಲಿದ್ದಲು ಉರಿಯುತ್ತದೆ. ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬಡವರ ಮನೆಗೆ ಆ ಯೋಜನೆ ಬೆಳಕು, ಅದರಲ್ಲಿ ಎರಡು ಮಾತಿಲ್ಲ. ಉಳ್ಳವರ ಮನೆಯಲ್ಲಾದರೆ ಹಣ ಉಳಿಸುವ ಆಸೆ ಇಲ್ಲದ ಕಡೆಯೂ ನಿಲ್ಲುವ ಸಂಕಲ್ಪವೇ ನಿಜವಾದ ಸಂಕಲ್ಪ.

ಗೃಹಿಣಿ: ಬಾಡಿಗೆ ಮನೆಯವರ ಪಾಡೇನು? ತಾರಸಿ ಮಾಲೀಕರದು, ಸಂಪು ಮಾಲೀಕರದು, ಸೌರ ಹಂಡೆ ಹಾಕಿಸಲು ಹನ್ನೊಂದು ತಿಂಗಳ ಕರಾರಿನವರಿಗೆ ಧೈರ್ಯ ಬರುವುದಿಲ್ಲ.

ಅಧ್ಯಾಪಕ: ಏರೇಟರನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು, ಫ್ಯಾನನ್ನು ಇಳಿಸಿ ಒಯ್ಯಬಹುದು, ಮಡಕೆಗಳೂ ಮನೆಯವರ ಜೊತೆ ಹೊರಡುತ್ತವೆ. ತಾರಸಿಯದು ಮಾತ್ರ ಮಾಲೀಕರ ಹೊಣೆ, ಅದನ್ನು ಅವರಿಗೆ ನೆನಪಿಸಬೇಕಾದದ್ದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ. ಫೆಬ್ರವರಿಯ ಸಭೆಯಲ್ಲಿ ಮಳೆನೀರಿನ ಫಿಲ್ಟರುಗಳ ವಿಷಯವನ್ನು ಎತ್ತುವುದು, ಯಾವ ಮನೆಯ ಫಿಲ್ಟರು ಕೆಟ್ಟಿದೆ ಎಂದು ಬೀದಿ ಸುತ್ತಿ ಬರೆದುಕೊಳ್ಳುವುದು ನಿವೃತ್ತರಾದವರು ಮಾಡಬಹುದಾದ ಕೆಲಸ. ಆ ಸಾಲಿನಲ್ಲಿ ಅಧ್ಯಾಪಕನ ಹೆಸರನ್ನೇ ಬರೆಯಿರಿ.

ಗೃಹಿಣಿ: ಬರೆದಾಯಿತು. ಮನೆಯ ಪಟ್ಟಿಯೂ ಹೀಗಿರಲಿ: ಎಲೆಯ ಗೋಣಿಚೀಲ ಜನವರಿಯೊಳಗೆ, ಮಗನ ಹೆಸರಲ್ಲಿ, ಏರೇಟರು ಮತ್ತು ಫ್ಲಶ್ ಟ್ಯಾಂಕು ಶಿವರಾತ್ರಿಯೊಳಗೆ, ಪ್ಲಂಬರನ್ನು ಕರೆಸಿ ನಿಂತು ಮಾಡಿಸುವುದು ಗಂಡನ ಹೆಸರಲ್ಲಿ, ಫಿಲ್ಟರು ತೊಳೆಯುವುದು ಯುಗಾದಿಯ ಹಿಂದಿನ ಭಾನುವಾರ, ಎಲ್ಲರ ಹೆಸರಲ್ಲಿ, ಸಿಪ್ಪೆಯ ಡಬ್ಬಿ ದಿನವೂ ರಾತ್ರಿ, ಅಡುಗೆ ಮಾಡದವರ ಹೆಸರಲ್ಲಿ. ಮನೆಗೆಲಸಕ್ಕೆ ಬರುವವರ ಹೆಸರು ಪಟ್ಟಿಯಲ್ಲಿ ಎಲ್ಲೂ ಬರುವಂತಿಲ್ಲ. ನಡುವೆ ಒಂದು ವಾರ ತಪ್ಪಿದರೆ?

ಅಧ್ಯಾಪಕ: ಮುಂದಿನ ಹೊಸ ವರ್ಷದವರೆಗೆ ಕಾಯುವುದು ಬೇಡ. ಜಲಮಂಡಳಿಯ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ಹಿಂದಿನ ತಿಂಗಳ ರೀಡಿಂಗೂ ಅದರಲ್ಲಿರುತ್ತದೆ. ಬಿಲ್ಲು ಬಂದ ಸಂಜೆ ನಾಲ್ವರೂ ಕೂತು ಎರಡು ಸಂಖ್ಯೆಗಳನ್ನು ನೋಡಿ, ಬಿಟ್ಟದ್ದನ್ನು ಮಾರನೆಯ ದಿನದಿಂದ ಮತ್ತೆ ಹಿಡಿದರೆ ಸಾಕು. ಡಬ್ಬಿ ಹೊರುವ ಸರದಿಯನ್ನು ಬದಲಿಸಬೇಕಾದರೆ ಅದನ್ನೂ ಅಂದೇ ಬದಲಿಸಿಕೊಳ್ಳಬಹುದು.